ವಿಂಡೋಸ್ ಇಲ್ಲದೆ ವಿಂಡೋಸ್ ತಂತ್ರಾಂಶ: 15 ವರ್ಷ ಕಾಯಿಸಿದ ದುಭಾಷಿ

ಹಳೆಯ ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಸಿದವರಿಗೆ ಮೊದಲು ಎದುರಾಗುವ ಪ್ರಶ್ನೆ: ಇಷ್ಟು ವರ್ಷ ಬಳಸಿದ ತಂತ್ರಾಂಶಗಳ ಗತಿ ಏನು? ನುಡಿ, ಬರಹದ ಹಳೆಯ ಆವೃತ್ತಿಗಳು ವಿಂಡೋಸ್‌ಗೆಂದೇ ಬಂದವು. ಅಂಗಡಿಯ ಲೆಕ್ಕದ ಎಷ್ಟೋ ತಂತ್ರಾಂಶಗಳೂ ಹಾಗೆಯೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತ ಮೇಲೆ ಈ ಪ್ರಶ್ನೆ ಇನ್ನಷ್ಟು ಜನರದ್ದಾಗಿದೆ.

ತೊಂದರೆ ಎಲ್ಲಿದೆ? ತಂತ್ರಾಂಶ ಯಾವ ಕೆಲಸವನ್ನೂ ಪೂರ್ತಿ ತಾನೇ ಮಾಡುವುದಿಲ್ಲ. ಫೈಲ್ ತೆರೆಯಲು, ಪರದೆಯ ಮೇಲೆ ಅಕ್ಷರ ಮೂಡಿಸಲು, ಪ್ರಿಂಟ್ ತೆಗೆಯಲು ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳುತ್ತದೆ. ಹಾಗೆ ಕೇಳಲು ಗೊತ್ತಾದ ಹೆಸರುಗಳಿವೆ. ವಿಂಡೋಸ್‌ನಲ್ಲಿ ಫೈಲ್ ತೆರೆಯಲು 'ಕ್ರಿಯೇಟ್‌ಫೈಲ್' ಎಂದು ಕರೆಯಬೇಕು. ಲಿನಕ್ಸ್‌ನಲ್ಲಿ ಆ ಹೆಸರಿಗೆ ಓಗೊಡುವವರೇ ಇಲ್ಲ. ತಂತ್ರಾಂಶ ಅಲ್ಲಿಗೇ ನಿಲ್ಲುತ್ತದೆ.

1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಇದಕ್ಕೊಂದು ದಾರಿ ಹುಡುಕಲು ಹೊರಟರು. ಅವರ ಯೋಜನೆಯ ಹೆಸರು ವೈನ್. 'ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್' ಎಂದು ಅದನ್ನು ಬಿಡಿಸಿ ಹೇಳುತ್ತಾರೆ. ಎಮ್ಯುಲೇಟರ್ ಎಂದರೆ ಇಡೀ ಯಂತ್ರವನ್ನೇ ಅನುಕರಿಸುವ ತಂತ್ರಾಂಶ. ವೈನ್ ಅಷ್ಟು ಮಾಡುವುದಿಲ್ಲ, ನಡುವೆ ನಿಂತ ದುಭಾಷಿ ಅಷ್ಟೆ. 'ಕ್ರಿಯೇಟ್‌ಫೈಲ್' ಎಂಬ ಕರೆ ಬಂದರೆ ಅದನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ದಾಟಿಸಿ, ಉತ್ತರ ತಂದು ಕೊಡುತ್ತದೆ.

ಹೇಳಲು ಸುಲಭ. ವಿಂಡೋಸ್‌ನಲ್ಲಿ ಇಂಥ ಹೆಸರುಗಳು ಸಾವಿರಾರು. ಮೈಕ್ರೋಸಾಫ್ಟ್‌ನ ಒಳಗಿನ ಕೋಡ್ ನೋಡಿದವರನ್ನು ವೈನ್ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಕದ್ದ ಮಾಲು ಎಂಬ ಆರೋಪ ಬರಬಾರದಲ್ಲ! ಹಾಗಾಗಿ ವಿಂಡೋಸ್ ಯಾವ ಕರೆಗೆ ಏನು ಉತ್ತರ ಕೊಡುತ್ತದೆ ಎಂದು ಹೊರಗಿನಿಂದಲೇ ಪರೀಕ್ಷಿಸಿ, ಅದೇ ಉತ್ತರ ಬರುವಂತೆ ತಾವೇ ಬರೆಯಬೇಕು. 1994ರಲ್ಲಿ ಹೊಣೆ ಹೊತ್ತ ಅಲೆಕ್ಸಾಂಡ್ರ್ ಜೂಲಿಯಾರ್ ದಶಕಗಳ ಕಾಲ ಅದನ್ನು ಮುನ್ನಡೆಸಿದ್ದಾರೆ. ಮೊದಲ ಪೂರ್ಣ ಆವೃತ್ತಿ 1.0 ಬಂದದ್ದು 2008ರ ಜೂನ್‌ನಲ್ಲಿ, ಅಂದರೆ 15 ವರ್ಷಗಳ ನಂತರ. 2018ರಲ್ಲಿ ಆಟಗಳನ್ನು ಮಾರುವ ವಾಲ್ವ್ ಕಂಪನಿ ವೈನ್ ಆಧರಿಸಿ 'ಪ್ರೋಟಾನ್' ತಂದಿತು. ವಿಂಡೋಸ್‌ನ ಸಾವಿರಾರು ಆಟಗಳು ಲಿನಕ್ಸ್‌ನಲ್ಲಿ ಓಡತೊಡಗಿದವು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಕೂಡ ಇದೇ ಉಪಾಯ ಹಿಡಿದಿತ್ತು. 2016ರಲ್ಲಿ ವಿಂಡೋಸ್‌ನೊಳಗೆ ಲಿನಕ್ಸ್ ತಂತ್ರಾಂಶ ಓಡಿಸುವ ವ್ಯವಸ್ಥೆ ತಂದಿತು.

ಇನ್ನೊಬ್ಬರು ಇಟ್ಟ ಹೆಸರುಗಳನ್ನು ಹೀಗೆ ಬಳಸಬಹುದೇ? ಈ ಜಗಳ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಮೇಲೇ ನಡೆಯಿತು. ಆಂಡ್ರಾಯ್ಡ್ ಕಟ್ಟುವಾಗ ಗೂಗಲ್ ಜಾವಾದ ಕರೆಗಳ ಹೆಸರು, ಜೋಡಣೆಯನ್ನು, ಸುಮಾರು 11,500 ಸಾಲುಗಳನ್ನು, ಹಾಗೆಯೇ ತೆಗೆದುಕೊಂಡು ಒಳಗಿನ ಕೆಲಸವನ್ನು ತಾನೇ ಬರೆದಿತ್ತು. ಜಾವಾದ ಒಡೆತನ ಪಡೆದ ಒರಾಕಲ್ 2010ರಲ್ಲಿ ಮೊಕದ್ದಮೆ ಹೂಡಿತು. 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–2 ಬಹುಮತದಿಂದ ಇದು ನ್ಯಾಯಯುತ ಬಳಕೆ ಎಂದಿತು.

ತೀರ್ಪು ಒರಾಕಲ್ ಕಡೆಗೆ ಬಂದಿದ್ದರೆ ವೈನ್‌ನಂಥ ಯೋಜನೆಗಳ ಮೇಲೂ ಕತ್ತಿ ತೂಗುತ್ತಿತ್ತು. ಕಂಪನಿ ಕೈಬಿಟ್ಟ ದಿನವೇ ನಮ್ಮ ಕಡತಗಳೂ ಸತ್ತಂತೆ ಆಗುತ್ತಿತ್ತು.

ವೈನ್‌ನಲ್ಲಿ ಎಲ್ಲವೂ ಓಡುವುದಿಲ್ಲ. ಕೆಲವು ತಂತ್ರಾಂಶಗಳು ಅರ್ಧಕ್ಕೇ ನಿಲ್ಲುತ್ತವೆ, ಕೆಲವು ತೆರೆಯುವುದೇ ಇಲ್ಲ. ಆದರೆ ಅದು ಉಚಿತ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ, ಕಡತಗಳ ನಕಲು ತೆಗೆದಿಟ್ಟುಕೊಂಡು, ಒಮ್ಮೆ ಲಿನಕ್ಸ್ ಮತ್ತು ವೈನ್ ಹಾಕಿಸಿ ನೋಡಿ.