ಖಂಡೇನವಮಿಯ ಬಂದೂಕು: ಒರೆಸುವುದೇ ಮೊದಲ ಪೂಜೆ

ಖಂಡೇನವಮಿಯ ಮುಂಚಿನ ದಿನ ರಾಯಬಾಗ ತಾಲೂಕಿನ ದಿಗ್ಗೇವಾಡಿಯಂಥ ಕಬ್ಬಿನ ಸೀಮೆಯ ಊರಿಗೆ ಹೋದರೆ ಮನೆಮನೆಯ ಅಂಗಳದಲ್ಲೂ ಒಂದೇ ಕೆಲಸ. ಕುಡುಗೋಲು, ಕೊಡಲಿ, ಕೂರಿಗೆ, ಕಬ್ಬು ಕಡಿಯುವ ಕತ್ತಿ ಎಲ್ಲವೂ ಹೊರಗೆ ಬರುತ್ತವೆ. ತಿಕ್ಕಿ, ತೊಳೆದು, ಒರೆಸಿ ಸಾಲಾಗಿ ಇಡುತ್ತಾರೆ. ಟ್ರ್ಯಾಕ್ಟರಿಗೂ ಅಂದು ಸ್ನಾನ. ಬೆಳೆ ಕಾಯಲೆಂದು ಪರವಾನಿಗೆ ಪಡೆದ ಬಂದೂಕು ಮನೆಯಲ್ಲಿದ್ದರೆ ಅದೂ ಈ ಸಾಲಿಗೆ ಸೇರುತ್ತದೆ. ಖಂಡೆ ಎಂದರೆ ಕತ್ತಿ. ಕತ್ತಿಗೆ ಸಲ್ಲುತ್ತಿದ್ದ ಪೂಜೆ ಕಾಲಕ್ರಮೇಣ ಬಂದೂಕಿಗೂ ಸಂದಿದೆ.

ಮರುದಿನದ ಕುಂಕುಮ, ಹೂವು ಎಲ್ಲರಿಗೂ ಕಾಣುತ್ತವೆ. ಆದರೆ ಅದಕ್ಕೂ ಮುಂಚೆ ನಡೆಯುವ ಒರೆಸುವ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಂದೂಕಿನ ಮಟ್ಟಿಗಂತೂ ಈ ಒರೆಸುವ ಕೆಲಸಕ್ಕೆ ತನ್ನದೇ ಆದ ಇತಿಹಾಸವಿದೆ. ಆ ಇತಿಹಾಸದ ಒಂದು ಎಳೆ 1857ರ ದಂಗೆಗೂ, ನಮ್ಮ ಪಕ್ಕದ ಹಲಗಲಿಗೂ ತಲುಪುತ್ತದೆ.

ಕಿಟ್ಟದ ಕಾಟ

ಹಳೆಯ ತುಪಾಕಿಗಳ ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಇದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಭಾಗ ದಟ್ಟ ಹೊಗೆಯ ಕಣಗಳಾಗಿ, ನಳಿಗೆಗೆ ಅಂಟುವ ಕಿಟ್ಟವಾಗಿ ಉಳಿಯುತ್ತದೆ. ಈ ಕಿಟ್ಟದಲ್ಲಿ ಲವಣಗಳಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ರಾತ್ರಿ ಹಾಗೆಯೇ ಬಿಟ್ಟ ನಳಿಗೆ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಯಬಹುದು.

ಇದಕ್ಕೆ ಎಣ್ಣೆಯೊಂದೇ ಮದ್ದಲ್ಲ. ಲವಣ ಕರಗುವುದು ನೀರಿನಲ್ಲಿ. ಆದ್ದರಿಂದ ಮೊದಲು ಬಿಸಿನೀರು, ನಂತರ ಒಣಬಟ್ಟೆ, ಕೊನೆಗೆ ಎಣ್ಣೆ ಎಂಬುದು ಆ ಕಾಲದ ಕ್ರಮವಾಗಿತ್ತು. ಕಬ್ಬಿಣಕ್ಕೆ ನೀರು ವೈರಿ ಎಂದು ತಿಳಿದವರಿಗೆ ಇದು ವಿಚಿತ್ರ ಎನಿಸೀತು. ಆದರೆ ನೀರು ಕುದಿಬಿಸಿ ಇದ್ದರೆ ಲೋಹವೂ ಕಾದು ತೇವ ಬೇಗ ಆರಿಹೋಗುತ್ತದೆ.

ಮೂತಿಯಿಂದ ಮದ್ದು ತುಂಬುವ ಕೋವಿಯಲ್ಲಿ ಇನ್ನೊಂದು ತೊಡಕಿತ್ತು. ಒಳಗೆ ಈಡು ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುತ್ತಿರಲಿಲ್ಲ. ಅದಕ್ಕೆ ಗುಂಡು ಗಿಡಿಯುವ ಸರಳೇ ಅಳತೆಗೋಲು. ಖಾಲಿ ನಳಿಗೆಯಲ್ಲಿ ಸರಳು ತಳದವರೆಗೆ ಇಳಿಯುತ್ತದೆ, ತುಂಬಿದ್ದರೆ ಕೆಲವು ಬೆರಳು ಮೇಲೆಯೇ ನಿಲ್ಲುತ್ತದೆ. ಬಲ್ಲವರು ಸರಳಿನ ಮೇಲೆ ಗುರುತು ಹಾಕಿಟ್ಟು, ಒರೆಸುವ ಮುನ್ನ ಇಳಿಸಿ ನೋಡುತ್ತಿದ್ದರು. ‘ಖಾಲಿ ಇದೆ’ ಎಂಬ ನೆನಪನ್ನು ಅವರು ನಂಬುತ್ತಿರಲಿಲ್ಲ.

ಕೊಬ್ಬಿನಿಂದ ಹಲಗಲಿಗೆ

ಈ ಕಿಟ್ಟವೇ ಒಮ್ಮೆ ದೇಶದ ಇತಿಹಾಸದೊಳಗೂ ಕಾಲಿಟ್ಟಿತು. ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಹಸು, ಹಂದಿಗಳ ಕೊಬ್ಬು ಸವರಿದ್ದಾರೆಂಬ ಸುದ್ದಿ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಆದರೆ ತೋಟಾಕ್ಕೆ ಜಿಡ್ಡು ಯಾಕೆ ಬೇಕಿತ್ತು? ಸುರುಳಿ ಗೀರುಗಳಿರುವ ನಳಿಗೆಯಲ್ಲಿ ಗುಂಡು ಸಲೀಸಾಗಿ ಇಳಿಯಬೇಕು, ಕಿಟ್ಟ ಗಟ್ಟಿಯಾಗದೆ ಮೆತ್ತಗಿರಬೇಕು ಎಂಬುದೇ ಕಾರಣ. ದಂಗೆಗೆ ಕಾರಣಗಳು ಹಲವಿದ್ದವು. ಕಿಡಿ ತಾಗಿಸಿದ್ದು ಮಾತ್ರ ಈ ಜಿಡ್ಡು.

ದಂಗೆಯ ಬೆನ್ನಿಗೇ ಬ್ರಿಟಿಷರು ಜನರಿಂದ ಆಯುಧ ಕಸಿಯುವ ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ರಾಯಬಾಗದ ಪೂರ್ವಕ್ಕಿರುವ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಒಪ್ಪಲಿಲ್ಲ. ಬೇಟೆಯನ್ನೂ ಕಾವಲನ್ನೂ ನಂಬಿದ ಆ ಜನಕ್ಕೆ ಆಯುಧವೇ ಅನ್ನ, ಆಯುಧವೇ ಮಾನ. 1857ರ ನವೆಂಬರ್ 30ರಂದು ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಜಡಗ, ಬಾಲರ ಹೆಸರನ್ನು ನಮ್ಮ ಲಾವಣಿಕಾರರು ಉಳಿಸಿದ್ದಾರೆ.

ಕೊಡಗಿನ ಕ್ರಮ

ಅದೇ ಕಾಯ್ದೆಯಿಂದ ಕೊಡಗಿಗೆ ವಿನಾಯಿತಿ ದೊರೆಯಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡವರನ್ನು ಕಾಯ್ದೆಯಿಂದ ಹೊರಗಿಟ್ಟರು. ಒಂದೇ ಕಾಯ್ದೆ, ಒಂದು ಕಡೆ ನೇಣು, ಇನ್ನೊಂದು ಕಡೆ ರಿಯಾಯಿತಿ! ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು.

ಹಕ್ಕಿನ ಜೊತೆಗೆ ಅಲ್ಲಿ ಒಂದು ಕಟ್ಟಳೆಯೂ ಬೆಳೆದುಬಂದಿದೆ. ನಾಟಿಯ ಕಾಲದಲ್ಲಿ ಕೋವಿಗೆ ಬಿಡುವು. ಅದು ಮನೆಯ ದೇವರ ಕೋಣೆಯಾದ ಕನ್ನಿ ಕೊಂಬರೆಯಲ್ಲಿ ಇರುತ್ತದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ಅದನ್ನು ಶುಚಿ ಮಾಡಿ, ತೋಕ್ ಪೂ ಎಂಬ ಕೆಂಪು-ಹಳದಿ ಹೂ ಮುಡಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಡುವ ಆಟ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ಒಳಗಿದ್ದ ಕಬ್ಬಿಣವನ್ನು ಬಳಸುವ ಮುನ್ನ ಪರೀಕ್ಷಿಸಲೇಬೇಕು. ಆ ಜಾಣತನ ಇಲ್ಲಿ ಹಬ್ಬದಲ್ಲೇ ಬೆರೆತಿದೆ.

ಪುಲ್‌ಥ್ರೂ ಕಲಿಸಿದ ಪಾಠ

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಕಿಟ್ಟದ ಕಾಟ ತಗ್ಗಿತು. ಆದರೆ ತೋಟಾದ ಬುಡದ ಸಿಡಿಮದ್ದು ಲವಣ ಉಳಿಸುವುದು ತಪ್ಪಲಿಲ್ಲ. ಹಾಗಾಗಿ ಎರಡು ಮಹಾಯುದ್ಧಗಳ ಸೈನಿಕರೂ ನಳಿಗೆಗೆ ಬಿಸಿನೀರು ಹೊಯ್ಯುತ್ತಿದ್ದರು. ಲೀ-ಎನ್‌ಫೀಲ್ಡ್ ರೈಫಲ್ಲಿನ ಮರದ ಹಿಡಿಯೊಳಗೇ ಎಣ್ಣೆಯ ಬುಡ್ಡಿ ಮತ್ತು ಪುಲ್‌ಥ್ರೂ ಎಂಬ ಹಗ್ಗ ಇರುತ್ತಿದ್ದವು. ಹಗ್ಗದ ತುದಿಗೆ ಬಟ್ಟೆ ಸಿಕ್ಕಿಸಿ ನಳಿಗೆಯಲ್ಲಿ ಎಳೆಯುವುದು ಕ್ರಮ. ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿ ದುಡಿದು ಬಂದ ಹಿರಿಯರು ನಮ್ಮ ಸೀಮೆಯ ಅನೇಕ ಊರುಗಳಲ್ಲಿದ್ದಾರೆ. ‘ಚಿಂದಿ’ ಮತ್ತು ‘ಪುಲ್‌ಥ್ರೂ’ ಎಂದರೆ ಅವರಿಗೆ ಬೇರೆ ವಿವರಣೆ ಬೇಕಿಲ್ಲ.

ಸೈನ್ಯದ ಶಿಸ್ತಿನಲ್ಲಿ ಮೊದಲ ಹೆಜ್ಜೆ ಚಿಂದಿಯಲ್ಲ, ತಪಾಸಣೆ. ಮೂತಿಯನ್ನು ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಕುದುರೆಯಿಂದ ಬೆರಳು ದೂರವಿಟ್ಟು, ತೋಟಾ ತೆಗೆಯಬೇಕು. ತೋಟಾ ಕೂರುವ ಗೂಡನ್ನು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಬೇಕು. ತೆಗೆದ ತೋಟಾಗಳನ್ನು ಬೇರೆ ಕೋಣೆಗೆ ಕಳಿಸಿ, ಮಕ್ಕಳನ್ನು ದೂರವಿಟ್ಟ ಬಳಿಕವೇ ಒರೆಸಲು ಕೂರಬೇಕು. ನಳಿಗೆಯೊಳಗೆ ಉಳಿದ ಚಿಂದಿಯ ತುಂಡು, ಕಣಜದ ಮಣ್ಣುಗೂಡು ಇವು ಈಡು ಹಾರಿಸಿದಾಗ ನಳಿಗೆಯನ್ನೇ ಒಡೆಯಬಲ್ಲವು. ಎಣ್ಣೆ ತೆಳ್ಳಗಿರಬೇಕು, ಹಾರಿಸುವ ಮುನ್ನ ನಳಿಗೆಯನ್ನು ಒಣಬಟ್ಟೆಯಿಂದ ಒರೆಸಬೇಕು. ತೊಗಲಿನ ಚೀಲ ತೇವ ಹೀರುವುದರಿಂದ ಬಂದೂಕನ್ನು ಅದರಲ್ಲೇ ವರ್ಷಗಟ್ಟಲೆ ಬಿಡುವುದು ತರವಲ್ಲ. ಬಿರುಕು ಕಂಡರೆ ಸ್ವಂತ ರಿಪೇರಿ ಬೇಡ, ಪರವಾನಿಗೆ ಇರುವ ಕುಶಲಕರ್ಮಿಗೇ ತೋರಿಸಬೇಕು.

ಇಷ್ಟೆಲ್ಲ ಯಾಕೆ ಹೇಳಬೇಕು? ಸುದ್ದಿಮನೆಯಲ್ಲಿ ಕುಳಿತವರಿಗೆ ಒಂದು ಶೀರ್ಷಿಕೆ ಚಿರಪರಿಚಿತ: ‘ಬಂದೂಕು ಸ್ವಚ್ಛಗೊಳಿಸುವಾಗ ಗುಂಡು ಹಾರಿ ಸಾವು’. ನಾಲ್ಕು ಸಾಲಿನ ಸುದ್ದಿ ಅದು. ಆ ಬಂದೂಕು ಖಾಲಿ ಇದೆ ಎಂದು ಯಾರೋ ನಂಬಿರುತ್ತಾರೆ. ತುಂಬಿದ ಬಂದೂಕಿಗೆ ಎಲ್ಲರೂ ಹೆದರುತ್ತಾರೆ, ಖಾಲಿ ಎಂದುಕೊಂಡದ್ದಕ್ಕೆ ಯಾರೂ ಹೆದರುವುದಿಲ್ಲ. ಮನೆಯಲ್ಲಿ ಬಂದೂಕನ್ನು ಸುರಕ್ಷಿತವಾಗಿಡುವ ಹೊಣೆಯನ್ನು 2016ರ ಆಯುಧ ನಿಯಮಗಳು ಪರವಾನಿಗೆದಾರರ ಮೇಲೆ ಹೊರಿಸಿವೆ. ಆದರೆ ಗೂಡಿನೊಳಗೆ ಬೆರಳಿಟ್ಟು ನೋಡುವ ಕೆಲಸವನ್ನು ಯಾವ ಕಾಯ್ದೆಯೂ ಮನೆಗೆ ಬಂದು ಮಾಡಿಕೊಡಲಾರದು.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬನ್ನಿ ಮರದ ಮೇಲೆ, ಯಾರ ಕೈಗೂ ಸಿಗದಂತೆ ಕಟ್ಟಿಟ್ಟರಂತೆ. ದಸರೆಗೆ ಬನ್ನಿ ಹಂಚುವ ನಾವು ಆ ಕಥೆಯ ಎಚ್ಚರವನ್ನು ಮರೆಯಬಾರದು. ಆಯುಧ ಇಟ್ಟುಕೊಳ್ಳುವ ಹಕ್ಕಿಗಾಗಿ ಹಲಗಲಿ ಪ್ರಾಣ ತೆತ್ತಿತು. ಇಂದು ಮನೆಯಲ್ಲಿ ಬಂದೂಕು ಇಟ್ಟವರು ಕೊಡಬೇಕಾದದ್ದು ಅಷ್ಟು ದೊಡ್ಡದಲ್ಲ. ಕುಂಕುಮ ಹಚ್ಚುವ ಮುನ್ನ ಒಮ್ಮೆ ಗೂಡು ತೆರೆದು ನೋಡಿದರೆ ಸಾಕು.