ಕರ್ನಾಟಕದ ಕಾನೂನು ಕಾಲೇಜುಗಳ ಹೋಲಿಕೆ: ವಿಚಾರಣಾ ನ್ಯಾಯಾಲಯದ ಕಡೆಯಿಂದ ಒಂದು ನೋಟ

ಕಾನೂನು ಓದಲು ಯಾವ ಕಾಲೇಜು ಸೇರಬೇಕು ಎಂಬ ಪ್ರಶ್ನೆ ಬಂದಾಗ ವಿದ್ಯಾರ್ಥಿಗಳೂ ಪೋಷಕರೂ ಮೊದಲು ತೆರೆಯುವುದು ರ‍್ಯಾಂಕಿಂಗ್ ಪಟ್ಟಿಯನ್ನು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಕಾನೂನು ವಿಭಾಗ ಸೇರಿದ 2018ರಿಂದಲೂ ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಮೊದಲ ಸ್ಥಾನದಲ್ಲಿದೆ. ಆ ಸ್ಥಾನಕ್ಕೆ ಅದು ಯೋಗ್ಯವೇ. ಆದರೆ ಸಿಂಧನೂರಿನಲ್ಲೋ ಶಿರಸಿಯಲ್ಲೋ ವಕೀಲಿ ಮಾಡಬೇಕೆಂದಿರುವವರಿಗೆ ಆ ಪಟ್ಟಿಯಿಂದ ತಿಳಿಯುವುದು ಬಹಳ ಕಡಿಮೆ. ಕಾಲೇಜು ಕಲಿಸುವುದಕ್ಕೂ ವಿಚಾರಣಾ ನ್ಯಾಯಾಲಯದ ನಿತ್ಯದ ಕೆಲಸಕ್ಕೂ ಇರುವ ದೂರವನ್ನೇ ಹೋಲಿಕೆಯ ಮುಖ್ಯ ಮಾನದಂಡವಾಗಿ ಹಿಡಿಯಬೇಕು ಎಂಬುದು ಈ ಲೇಖನದ ವಾದ.

ರಾಜ್ಯದ ಕಾನೂನು ಶಿಕ್ಷಣ ಒಂದೇ ಬೇರಿನಿಂದ ಬೆಳೆದದ್ದಲ್ಲ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿ, ಆ ಭಾಗ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದಾಗ ಹುಟ್ಟಿತು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಅಲ್ಲಿ ಓದಿದವರು. ನ್ಯಾಷನಲ್ ಲಾ ಸ್ಕೂಲ್ ಕರ್ನಾಟಕ ವಿಧಾನಮಂಡಲದ 1986ರ ಕಾಯ್ದೆಯಿಂದ ರೂಪುಗೊಂಡಿತು. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಪಾಠಗಳು ಶುರುವಾದವು. ಹುಬ್ಬಳ್ಳಿಯ ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಡಿಯಲ್ಲಿ ಚದುರಿದ್ದ ಜಿಲ್ಲಾ ಕಾಲೇಜುಗಳು ಅದರೊಂದಿಗೆ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆಯ ಕೆಳಗೆ ಬಂದವು.

ಪ್ರವೇಶದ ವ್ಯತ್ಯಾಸ ಎಲ್ಲರಿಗೂ ಗೊತ್ತಿರುವಂಥದ್ದು. ನಾಗರಭಾವಿಯ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. 2022ರಲ್ಲಿ ಅಲ್ಲಿ ಆರಂಭವಾದ ಮೂರು ವರ್ಷದ ಕೋರ್ಸಿಗೆ ಶಾಲೆಯದೇ ಪ್ರತ್ಯೇಕ ಪರೀಕ್ಷೆಯಿದೆ. ಹುಬ್ಬಳ್ಳಿಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಬಾರ್ ಕೌನ್ಸಿಲ್ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಇದ್ದರೆ ಬಾಗಿಲು ತೆರೆದಿರುತ್ತದೆ. ಶುಲ್ಕದ ಅಂತರವೂ ದೊಡ್ಡದು: ಒಂದು ಕಡೆ ವರ್ಷಕ್ಕೆ ಲಕ್ಷಗಳು, ಇನ್ನೊಂದು ಕಡೆ, ಅದರಲ್ಲೂ ಅನುದಾನಿತ ಕಾಲೇಜುಗಳಲ್ಲಿ, ಸಾವಿರಗಳು. ಖಾಸಗಿ ವಿಶ್ವವಿದ್ಯಾಲಯಗಳು ಶುಲ್ಕದಲ್ಲಿ ಮೊದಲನೆಯದಕ್ಕೆ ಹತ್ತಿರ; ಅವನ್ನು ಇಲ್ಲಿ ಬಿಡುತ್ತೇನೆ.

ನಿಜವಾದ ಹೋಲಿಕೆಗೆ ಒಂದು ಪಾಲುವಿಭಾಗದ ದಾವೆಯನ್ನೇ ತೆಗೆದುಕೊಳ್ಳೋಣ. ತಂದೆಯ ಜಮೀನಿನಲ್ಲಿ ಪಾಲು ಕೇಳಿ ಮಗಳು ವಕೀಲರ ಬಳಿ ಬರುತ್ತಾಳೆ. ಕೈಯಲ್ಲಿ ಪಹಣಿ, ಮ್ಯುಟೇಷನ್ ಪ್ರತಿ, ಗ್ರಾಮ ಆಡಳಿತ ಅಧಿಕಾರಿ ಕೊಟ್ಟ ವಂಶವೃಕ್ಷ. ಇವೆಲ್ಲ ಕನ್ನಡದಲ್ಲಿವೆ. ವಾದಪತ್ರದ ಕೊನೆಗೆ ದಾವಾ ಸ್ವತ್ತಿನ ಷೆಡ್ಯೂಲು ಬರೆಯಬೇಕು: ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಒಂದು ದಿಕ್ಕು ತಪ್ಪಿದರೆ ಡಿಕ್ರಿಯಾದ ಮೇಲೂ ಅಳತೆಯ ದಿನ ಜಗಳ. ಕಾನೂನಿನ ಪ್ರಶ್ನೆಯೂ ಸರಳವಲ್ಲ. ಹೆಣ್ಣುಮಕ್ಕಳಿಗೆ ಸಮಾನ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯನ್ನೂ ಅದನ್ನು ವಿವರಿಸಿದ ವಿನೀತಾ ಶರ್ಮಾ ಪ್ರಕರಣದ 2020ರ ತೀರ್ಪನ್ನೂ ಎಲ್ಲ ಕಾಲೇಜುಗಳಲ್ಲಿ ಓದಿಸುತ್ತಾರೆ. ಆದರೆ ಕರ್ನಾಟಕ ಅದಕ್ಕೂ ಮೊದಲೇ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಸಹದಾಯಾದಿ ಹಕ್ಕು ಕೊಟ್ಟಿತ್ತು. ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಹಳೆಯ ಪಾಲುಪಟ್ಟಿಗಳನ್ನು, ಆ ಕಾಲದ ಡಿಕ್ರಿಗಳನ್ನು ಅರ್ಥ ಮಾಡಿಕೊಳ್ಳಲು ಈ ತಿಳಿವಳಿಕೆ ಬೇಕೇ ಬೇಕು. ಇಡೀ ದೇಶದ ವಿದ್ಯಾರ್ಥಿಗಳನ್ನು ಎದುರಿಗಿಟ್ಟುಕೊಂಡ ತರಗತಿಯಲ್ಲಿ ಇಂಥ ವಿವರಕ್ಕೆ ಜಾಗ ಸಿಗುವುದು ಕಷ್ಟ. ಅದು ಆ ತರಗತಿಯ ದೋಷವಲ್ಲ, ಅದರ ಉದ್ದೇಶವೇ ಬೇರೆ.

ಹಾಗಾದರೆ ಜಿಲ್ಲಾ ಕಾಲೇಜುಗಳು ಈ ಕೆಲಸವನ್ನು ಮಾಡುತ್ತಿವೆಯೇ? ಮಾಡುವ ಅವಕಾಶ ಅವುಗಳ ಕೈಯಲ್ಲೇ ಇದೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲ್ಭಾಗದಲ್ಲೇ ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಇಲ್ಲವೇ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆ ಇರುತ್ತದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಓದಲು ಸಿಗುವುದು ಬಹುಪಾಲು ಗೈಡುಗಳು. ಮೂಲ ತೀರ್ಪುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಉಳಿದಿವೆ. ಬಾರ್ ಕೌನ್ಸಿಲ್‌ನ 2008ರ ನಿಯಮಗಳು ಕರಡು ರಚನೆಯ ಪತ್ರಿಕೆಯಲ್ಲಿ ವಾದಪತ್ರದಂಥ ಕರಡುಗಳಿಗೆ 15, ಕ್ರಯಪತ್ರದಂಥ ದಸ್ತಾವೇಜುಗಳಿಗೆ 15 ಅಭ್ಯಾಸಗಳನ್ನು ವಿಧಿಸಿವೆ. ಈ ಮೂವತ್ತನ್ನು ನಿಜವಾದ ಪಹಣಿ ಹಿಡಿದು ಕನ್ನಡದಲ್ಲಿ ಬರೆಸಿದರೆ ಜಿಲ್ಲಾ ಕಾಲೇಜಿಗೆ ಸಮನಾದದ್ದು ಇರಲಾರದು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡಿಸಿದರೆ ಪತ್ರಿಕೆಯೇ ವ್ಯರ್ಥ. ಕಾಲೇಜು ಆರಿಸುವವರು ಅಲ್ಲಿನ ಹಿರಿಯ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕವನ್ನು ಒಮ್ಮೆ ಕೇಳಿ ನೋಡಬೇಕು. ಪ್ರಾಸ್ಪೆಕ್ಟಸ್ ಹೇಳದ್ದನ್ನು ಅದು ಹೇಳುತ್ತದೆ.

ಕಾಲೇಜಿಗೂ ಸ್ಥಳೀಯ ನ್ಯಾಯಾಲಯಕ್ಕೂ ಇರುವ ದೂರದ ಪ್ರಶ್ನೆಯನ್ನು ರಾಜ್ಯವು ಬೇರೆ ದಾರಿಯಲ್ಲಿ ಬಿಡಿಸಲು ಹೋಯಿತು. ನ್ಯಾಷನಲ್ ಲಾ ಸ್ಕೂಲಿನ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಮೂಲಕ, ಕನಿಷ್ಠ ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರಿಗೆ ಅಲ್ಲಿ ಶೇ. 25 ಸೀಟು ಮೀಸಲಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಬಳಿಕ ಶಾಲೆಯೇ ಕರ್ನಾಟಕದ ವಿದ್ಯಾರ್ಥಿಗಳಿಗೆ ಅಷ್ಟೇ ಪ್ರಮಾಣದ ಮೀಸಲಾತಿಯನ್ನು ತನ್ನ ನೀತಿಯಾಗಿ ಅಳವಡಿಸಿಕೊಂಡಿತು. ನಾನು ಇದನ್ನು ಮನಃಪೂರ್ವಕ ಒಪ್ಪುತ್ತೇನೆ. ರಾಜ್ಯದ ಕಾಯ್ದೆಯಿಂದ ನಿಂತ ಸಂಸ್ಥೆಯಲ್ಲಿ ರಾಜ್ಯದ ಮಕ್ಕಳಿಗೆ ಪಾಲು ಇರಲೇಬೇಕು. ಆದರೂ ಹತ್ತು ವರ್ಷದ ಓದಿನ ಷರತ್ತು ಅಳೆಯುವುದು ಓದಿದ ಊರನ್ನು ಮಾತ್ರ. ಆ ಸೀಟು ಪಡೆದವರು ಸಾಕ್ಷಿಯ ಕನ್ನಡ ಹೇಳಿಕೆಯ ಮೇಲೆ ಪಾಟೀಸವಾಲು ಮಾಡಬಲ್ಲರೇ ಎಂಬುದು ಅದರಿಂದ ತಿಳಿಯದು.

ಸಿವಿಲ್ ನ್ಯಾಯಾಧೀಶರ ನೇಮಕಾತಿ ಈ ಅಳತೆಯನ್ನು ಆಗಲೇ ಬಳಸುತ್ತಿದೆ. ಮುಖ್ಯ ಪರೀಕ್ಷೆಯಲ್ಲಿ ಸಾಕ್ಷ್ಯ, ತೀರ್ಪು, ದಸ್ತಾವೇಜುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದಿಸುವ ಪತ್ರಿಕೆಯೇ ಪ್ರತ್ಯೇಕವಾಗಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಹುದ್ದೆಗೆ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿದೆ. ಪದವಿ ಮುಗಿಸಿದವರು ಆ ಮೂರು ವರ್ಷವನ್ನು ಯಾವ ಕೋರ್ಟಿನಲ್ಲಿ, ಯಾರ ಕೈಕೆಳಗೆ ಕಳೆಯುತ್ತಾರೆ ಎಂಬುದು ಅವರ ಕಾಲೇಜು ಸ್ಥಳೀಯ ವಕೀಲರ ಸಂಘದೊಂದಿಗೆ ಇಟ್ಟುಕೊಂಡ ಸಂಬಂಧವನ್ನು ಬಹಳಷ್ಟು ಅವಲಂಬಿಸಿದೆ. ಧಾರವಾಡ, ಕಲಬುರಗಿಗಳಲ್ಲಿ 2013ರಿಂದ ಹೈಕೋರ್ಟಿನ ಕಾಯಂ ಪೀಠಗಳಿವೆ. ಆ ಊರುಗಳ ಕಾಲೇಜುಗಳ ವಿದ್ಯಾರ್ಥಿ ಬೆಳಿಗ್ಗೆ ತರಗತಿ ಮುಗಿಸಿ ಮಧ್ಯಾಹ್ನ ಪೀಠದ ಕಲಾಪವನ್ನೂ ಜಿಲ್ಲಾ ನ್ಯಾಯಾಲಯದ ವಿಚಾರಣೆಯನ್ನೂ ನೋಡಬಹುದು. ಇದನ್ನು ಯಾವ ರ‍್ಯಾಂಕಿಂಗ್ ಪಟ್ಟಿಯೂ ಲೆಕ್ಕಕ್ಕೆ ಹಿಡಿದಿಲ್ಲ.