ಮಳೆಯ ಲೆಕ್ಕಕ್ಕೆ ಎಷ್ಟು ಸಣ್ಣ ಬಲೆ?

ಕಾಫಿ ಕುಯ್ಲಿನ ದಿನಗಳಲ್ಲಿ ಗೋಣಿಬೀಡಿನ ನಮಗೆಲ್ಲ ಒಂದೇ ಚಿಂತೆ: ಕಣದಲ್ಲಿ ಹರಡಿದ ಕಾಫಿ ಒಣಗುವ ಮೊದಲೇ ಮಳೆ ಬಂದರೆ? ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಇಲ್ಲಿ ಟಾರ್ಪಾಲು ಹುಡುಕುತ್ತೇವೆ. 2021ರ ನವೆಂಬರಿನ ಅಕಾಲ ಮಳೆಗೆ ಹಣ್ಣು ಉದುರಿ ಕೊಳೆತದ್ದನ್ನು ನಾವು ಮರೆತಿಲ್ಲ. 'ಮಲೆನಾಡಿನಲ್ಲಿ ಮಳೆ' ಎಂದರೆ ನಮಗೆ ಸಾಲದು. ಯಾವ ಊರಿನಲ್ಲಿ, ಎಷ್ಟು? ಈ ಪ್ರಶ್ನೆಗೆ ನೂರು ವರ್ಷಗಳ ಚರಿತ್ರೆಯಿದೆ.

ಮೊದಲನೆಯ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್, ಬಿಡುವಿನಲ್ಲಿ ಹವಾಮಾನವನ್ನು ಕೈಯಿಂದಲೇ ಲೆಕ್ಕ ಹಾಕಿದರು. ನಕ್ಷೆಯ ಮೇಲೆ ಸುಮಾರು 200 ಕಿ.ಮೀ.ಗಳ ಚೌಕಗಳ ಬಲೆ ಹಾಸಿ, ಪ್ರತಿ ಚೌಕದ ಗಾಳಿ, ಒತ್ತಡಗಳನ್ನು ಗುಣಿಸಿದರು. 1922ರಲ್ಲಿ ಪ್ರಕಟವಾದ ಆ ಲೆಕ್ಕ ಪೂರ್ತಿ ತಪ್ಪಿತ್ತು. ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಏರುವುದೆಂದು ಬಂತು. ನಿಜದಲ್ಲಿ ಅದು ಹೆಚ್ಚೇನೂ ಕದಲಿರಲಿಲ್ಲ. ದಾರಿ ಸರಿಯಿತ್ತು, ಆರಂಭದ ಅಳತೆಗಳೇ ಮೋಸ ಮಾಡಿದ್ದವು.

1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಇದೇ ಕೆಲಸ ಮಾಡಿತು. ಅದರ ಬಲೆಯ ಕಣ್ಣು 736 ಕಿ.ಮೀ. ಬೀದರಿನಿಂದ ಚಾಮರಾಜನಗರದವರೆಗಿನ ನಾಡು ಹೆಚ್ಚುಕಡಿಮೆ ಒಂದೇ ಕಣ್ಣಿನ ಉದ್ದ! 1988ರಲ್ಲಿ ಭಾರತ ಮಧ್ಯಮಾವಧಿ ಮುನ್ಸೂಚನೆಗೆ ರಾಷ್ಟ್ರೀಯ ಕೇಂದ್ರ ಸ್ಥಾಪಿಸಿತು. ಅದರ ಆರಂಭದ ಮಾದರಿಯ ಚೌಕ ಸುಮಾರು 150 ಕಿ.ಮೀ. ಮಂಗಳೂರಿನ ಕಡಲು, ಚಾರ್ಮಾಡಿಯ ಘಾಟಿ, ಹಾಸನದ ಬಯಲು ಎಲ್ಲವೂ ಅದರಲ್ಲಿ ಒಂದೇ ಅಂಕಿ. ಕೊಟ್ಟಿಗೆಹಾರದಿಂದ ಮೂಡಣಕ್ಕೆ ಹೋದಂತೆ ಮಳೆ ಹೇಗೆ ಇಳಿಯುತ್ತದೆಂದು ಬಲ್ಲವರಿಗೆ ಇದರ ಕೊರತೆ ತಿಳಿದೀತು.

ಹಾಗಾದರೆ ಕಣ್ಣು ಸಣ್ಣದು ಮಾಡಿದರಾಯಿತಲ್ಲ? ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕರಷ್ಟಾಗುತ್ತವೆ. ಕಾಲದ ಹೆಜ್ಜೆಯೂ ಅರ್ಧವಾಗಬೇಕು. ಅಲ್ಲಿಗೆ ಕೆಲಸ ಎಂಟು ಪಟ್ಟು. ಮುನ್ಸೂಚನೆ ಸಿದ್ಧವಾಗುವಾಗ ಮಳೆ ಬಂದು ಹೋಗಿದ್ದರೆ ಪ್ರಯೋಜನವೇನು? ಚಂಡಮಾರುತದ ದಾರಿಯನ್ನು ದೊಡ್ಡ ಗಾಳಿಗಳು ನಿರ್ಧರಿಸುವುದರಿಂದ ಒರಟು ಬಲೆಯಲ್ಲೂ ಅದು ತಕ್ಕಮಟ್ಟಿಗೆ ಸಿಗುತ್ತದೆ. ಅದರ ಬಲ ಸಿಗದು. ಕಣ್ಣಿನ ಸುತ್ತಲಿನ ಬಿರುಗಾಳಿಯ ಗೋಡೆ ಕೆಲವೇ ಕಿ.ಮೀ.ಗಳಲ್ಲಿ ಬದಲಾಗುತ್ತದೆ. ಆದ್ದರಿಂದ ವಿಜ್ಞಾನಿಗಳು ಉಪಾಯ ಹೂಡಿದರು: ಲೋಕಕ್ಕೆಲ್ಲ ದೊಡ್ಡ ಬಲೆ, ಅದರೊಳಗೆ ಚಂಡಮಾರುತದೊಡನೆ ಸಾಗುವ ಸಣ್ಣ ಬಲೆ.

ಭಾರತದ ಜಾಗತಿಕ ಮಾದರಿ 2018ರ ಹೊತ್ತಿಗೆ 12 ಕಿ.ಮೀ.ಗೆ ಬಂದಿತ್ತು. 2025ರ ಮೇ 26ರಂದು 6 ಕಿ.ಮೀ.ಗಳ 'ಭಾರತ್' ಮುನ್ಸೂಚನಾ ವ್ಯವಸ್ಥೆ ಬಂತು. ಸಂತೋಷವೇ. ಆದರೆ 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆಯಲ್ಲಿ ಕುಸಿದ ಗುಡ್ಡ 6 ಕಿ.ಮೀ.ಗಳ ಚೌಕದೊಳಗೂ ಒಂದು ಚುಕ್ಕೆಯೇ.

ರಿಚರ್ಡ್‌ಸನ್ನರ ಸೋಲು ಇಲ್ಲಿ ಪಾಠವಾಗಬೇಕು. ಅಳತೆ ತಪ್ಪಿದರೆ ಸಣ್ಣ ಚೌಕವೂ ತಪ್ಪನ್ನೇ ಹೇಳುತ್ತದೆ. ಹಾಗಾಗಿ ಪಂಚಾಯಿತಿಯ ಮಳೆಮಾಪಕ ಕೆಡದಂತೆ ನೋಡಿಕೊಳ್ಳುವುದು ಮುನ್ಸೂಚನೆಯ ಕಂಪ್ಯೂಟರಿನಷ್ಟೇ ದೊಡ್ಡ ಕೆಲಸ. ಬಂದ ಎಚ್ಚರಿಕೆ ತೋಟದ ಮಾಲೀಕರ ಫೋನಿನಲ್ಲೇ ಉಳಿಯದೆ, ಗುಡ್ಡದಡಿಯ ಲೈನ್ ಮನೆಯಲ್ಲಿ ಮಕ್ಕಳೊಡನೆ ಮಲಗಿದ ಕೂಲಿಯವರಿಗೂ ತಲುಪಬೇಕು. ಆ ಕೊನೆಯ ಚೌಕವನ್ನು ಯಾವ ಯಂತ್ರವೂ ತುಂಬದು, ನಾವೇ ತುಂಬಬೇಕು.